ಬಾದಾಮಿಗೆ ಒಯ್ದ ಕಂಪಾಸ್ ಬಾಕ್ಸ್: ಪ್ರವಾಸದ ಆರ್ಟ್ ಜರ್ನಲ್ ಕಿಟ್, ನಾಲ್ಕು ದಿನ ಬಳಸಿದ ಮೇಲೆ

ಮೊದಲು ರೆಡಿಮೇಡ್ ಕಿಟ್ ವಿಷಯ ಹೇಳಿ ಮುಗಿಸುತ್ತೇನೆ. ಹೋದ ವರ್ಷ ಆನ್‌ಲೈನ್‌ನಲ್ಲಿ 1,499 ರೂಪಾಯಿ ಕೊಟ್ಟು 'ಟ್ರಾವೆಲ್ ಆರ್ಟ್ ಜರ್ನಲ್ ಕಿಟ್' ಅಂತ ಒಂದನ್ನು ತರಿಸಿದ್ದೆ, ಅಂದರೆ ಪ್ರವಾಸದಲ್ಲಿ ಚಿತ್ರಗಳ ದಿನಚರಿ ಮಾಡಲು ಬೇಕಾದ ಸಾಮಾನು. ಯಾವ ಕಂಪನಿ ಅಂತ ಬೇಡ ಬಿಡಿ, ಅದೇ ತರಹದ್ದು ಹತ್ತಾರು ಸಿಗುತ್ತವೆ. 24 ಬಣ್ಣ, ಮಡಚುವ ಬ್ರಷ್, ಸ್ಪಂಜು, ಸಣ್ಣದೊಂದು ಪ್ಯಾಡ್. ನೋಡೋಕೆ ಬಹಳ ಚೆಂದ. ಗೋಕರ್ಣದ ಬೀಚ್‌ನಲ್ಲಿ ಕೂತು ಬಿಚ್ಚಿದಾಗ ಗೊತ್ತಾಯಿತು, ಅದನ್ನು ಪೂರ್ತಿ ತೆರೆಯಲು ಒಂದು ಟೇಬಲ್ಲೇ ಬೇಕು. ಬಣ್ಣ ಸುಣ್ಣದ ಹಾಗೆ ಪೇಲವ, ಹಾಳೆ ನೀರು ಬಿದ್ದ ಕೂಡಲೇ ಹಪ್ಪಳದ ಹಾಗೆ ಎದ್ದು ನಿಂತಿತು. ಒಂದೇ ಪುಟ ಮಾಡಿದೆ. ಆಮೇಲೆ ಅದು ಬ್ಯಾಗಿನ ತಳ ಸೇರಿತು.

ಈ ಡಿಸೆಂಬರ್‌ನಲ್ಲಿ ಅಮ್ಮ, ಒಂಬತ್ತು ವರ್ಷದ ಮಗಳು, ನಾನು ನಾಲ್ಕು ದಿನ ಬಾದಾಮಿಗೆ ಹೊರಟಾಗ ಕಿಟ್ ನಾನೇ ಕಟ್ಟಿಕೊಂಡೆ. ಹೊಸದಾಗಿ ಖರ್ಚಾದದ್ದು 1,100 ರೂಪಾಯಿ ಚಿಲ್ಲರೆ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ ಎಲ್ಲಾ ಸೇರಿ 640 ಗ್ರಾಂ. ನಾಲ್ಕು ದಿನದಲ್ಲಿ 22 ಪುಟ ತುಂಬಿತು. ಇದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಸುಮ್ನೆ ಭಾರ ಅಂತ ಬರೆಯುತ್ತಿದ್ದೇನೆ.

ಡಬ್ಬಿ ಯಾವುದು ಅಂದರೆ ಮಗಳ ಹಳೆ ಕಂಪಾಸ್ ಬಾಕ್ಸ್. ಒಳಗಿನ ಪ್ಲಾಸ್ಟಿಕ್ ತಟ್ಟೆ ಕಿತ್ತು ತೆಗೆದರೆ ಉದ್ದಕ್ಕೆ ಒಳ್ಳೆ ಜಾಗ ಸಿಗುತ್ತದೆ, ಪೆನ್ನು, ಬ್ರಷ್ ಕೂಡ ಅಡ್ಡ ಮಲಗುತ್ತವೆ. ಖಾಲಿ ಹಾಫ್ ಪ್ಯಾನ್ ಅಂತ ಸಿಗುತ್ತವಲ್ಲ, ಒಂದೊಂದಕ್ಕೆ ಸುಮಾರು 2 ಎಂಎಲ್ ಬಣ್ಣ ಹಿಡಿಯುವ ಚಿಕ್ಕ ಬಿಳಿ ತೊಟ್ಟಿಗಳು, ಅವುಗಳ ತಳಕ್ಕೆ ಮ್ಯಾಗ್ನೆಟ್ ಪಟ್ಟಿ ಅಂಟಿಸಿದೆ. ತಗಡಿನ ಡಬ್ಬಿಗೆ ಗಟ್ಟಿಯಾಗಿ ಕಚ್ಚಿಕೊಂಡು ಕೂರುತ್ತವೆ, ಬೇಕಾದಾಗ ಎತ್ತಬಹುದು. ಮುಚ್ಚಳದ ಒಳಗೆ ಐಸ್‌ಕ್ರೀಮ್ ಡಬ್ಬಿಯ ಬಿಳಿ ಪ್ಲಾಸ್ಟಿಕ್ ಕತ್ತರಿಸಿ ಅಂಟಿಸಿದರೆ ಅದೇ ಬಣ್ಣ ಕಲಸುವ ಪ್ಯಾಲೆಟ್. ಹೊಸ ಪ್ಲಾಸ್ಟಿಕ್ ಮೇಲೆ ಬಣ್ಣ ಹರಡದೆ ಹನಿಹನಿಯಾಗಿ ನಿಲ್ಲುತ್ತದೆ. ಅದಕ್ಕೆ ಸ್ವಲ್ಪ ಟೂತ್‌ಪೇಸ್ಟ್ ಹಾಕಿ ಚೆನ್ನಾಗಿ ಉಜ್ಜಿ ತೊಳೆಯಿರಿ, ಸರಿಹೋಗುತ್ತದೆ.

ಬಣ್ಣ ಏಳೇ. ಹಳದಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಪು ಕಂದು), ಒಂದು ಗುಲಾಬಿಗೆಂಪು, ಅಲ್ಟ್ರಾಮರೀನ್ ನೀಲಿ, ಸ್ಯಾಪ್ ಗ್ರೀನ್, ಮತ್ತೆ ಬಿಳಿ ಪೋಸ್ಟರ್ ಕಲರ್. ಕ್ಯಾಮೆಲ್‌ನ 5 ಎಂಎಲ್ ಟ್ಯೂಬ್‌ಗಳು ಮನೆಯಲ್ಲೇ ಇದ್ದವು. ಹೊರಡುವ ನಾಲ್ಕು ದಿನ ಮೊದಲೇ ಪ್ಯಾನ್‌ಗೆ ಹಿಂಡಿ ಒಣಗಲು ಬಿಟ್ಟೆ, ಹಿಂದಿನ ರಾತ್ರಿ ಹಿಂಡಿದರೆ ಆಗೋದಿಲ್ಲ, ಬ್ಯಾಗಿನೊಳಗೆ ಹರಿದುಹೋಗುತ್ತದೆ. ಟ್ಯೂಬ್ ಬಣ್ಣ ಒಣಗುವಾಗ ಕೆಲವೊಮ್ಮೆ ಬಿರುಕು ಬಿಡುತ್ತದೆ. ಹಿಂಡುವಾಗಲೇ ಒಂದು ಹನಿ ಗ್ಲಿಸರಿನ್ ಸೇರಿಸಿ ಕಡ್ಡಿಯಿಂದ ಕಲಸಿದರೆ ಬಿರುಕು ಕಮ್ಮಿ.

ಏಳು ಸಾಕಾಯಿತಾ ಅಂತ ಕೇಳಬಹುದು. ಬಾದಾಮಿಗಂತೂ ಸಾಕಾಗಿ ಉಳಿಯಿತು! ಆ ಕೆಂಪು ಮರಳುಗಲ್ಲನ್ನು ನೋಡಿದವರಿಗೆ ಗೊತ್ತು, ಬೆಳಿಗ್ಗೆ ಒಂದು ಬಣ್ಣ, ಸಂಜೆ ಇನ್ನೊಂದು. ಬರ್ಂಟ್ ಸಿಯೆನ್ನಾ, ಓಕರ್, ಜೊತೆಗೆ ಒಂದು ಚೂರು ಗುಲಾಬಿ. ಬಂಡೆ ಬಂದೇಬಿಟ್ಟಿತು. ನೆರಳಿಗೆ ಅದೇ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ಸೇರಿಸಿದರೆ ಒಳ್ಳೆ ಬೂದು ಸಿಗುತ್ತದೆ, ಕಪ್ಪು ಬೇಡವೇ ಬೇಡ. ಅಗಸ್ತ್ಯ ತೀರ್ಥ ಅನ್ನುವ ಹೊಂಡದ ನೀರಿನ ಹಸಿರಿಗೆ ಸ್ಯಾಪ್ ಗ್ರೀನ್ ಹಾಕಿ ನೋಡಿದೆ, ಜಾಸ್ತಿ ಎಲೆಯ ಹಾಗಾಯಿತು. ನೀಲಿಗೆ ಓಕರ್ ಕಲಸಿದಾಗಲೇ ಆ ಮಂಕು ಹಸಿರು ಬಂದದ್ದು. ಸಂಜೆ ಹೊತ್ತು ಹೊಂಡದ ಪೂರ್ವದ ತುದಿಯಲ್ಲಿರುವ ಭೂತನಾಥ ಗುಡಿಯ ಮೇಲೆ ಬಿಸಿಲು ಬೀಳುತ್ತದೆ, ಆಗ ಮೆಟ್ಟಿಲ ಮೇಲೆ ಕೂತು ಬಿಡಿಸಲು ಸಿಗುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. 24 ಬಣ್ಣದಲ್ಲಿ ಯಾವುದು ಅಂತ ಹುಡುಕುತ್ತಾ ಕೂತಿದ್ದರೆ ಅಷ್ಟರಲ್ಲಿ ಬಿಸಿಲು ಹೋಗಿರುತ್ತಿತ್ತು.

ವಾಟರ್ ಬ್ರಷ್ ಬಗ್ಗೆ ಎರಡು ಮಾತು. ನನ್ನದು ಪೆಂಟೆಲ್ ಆಕ್ವಾಷ್. ಹಿಡಿಯೊಳಗೇ ನೀರು, ಒತ್ತಿದರೆ ಕೂದಲಿಗೆ ಇಳಿಯುತ್ತದೆ. ನಿಂತುಕೊಂಡು, ಬಸ್ಸಿಗೆ ಕಾಯುತ್ತಾ, ರೈಲಿನ ಮೇಲಿನ ಬರ್ತ್‌ನಲ್ಲಿ ಕೂಡ ಬಣ್ಣ ಹಾಕಬಹುದು, ಲೋಟ ಬೇಡ, ಯಾರ ಮೇಲೂ ಚೆಲ್ಲುವುದಿಲ್ಲ. ಆದರೆ ಆಕಾಶದಂಥ ದೊಡ್ಡ ಜಾಗ ತುಂಬಲು ಅದು ಸಾಲದು, ನೀರು ಒಮ್ಮೆ ಕಮ್ಮಿ ಒಮ್ಮೆ ಜಾಸ್ತಿ ಆಗಿ ಮಚ್ಚೆ ಬೀಳುತ್ತದೆ. ಅದಕ್ಕೇ 8ನೇ ನಂಬರಿನ ಒಂದು ಮಾಮೂಲಿ ಬ್ರಷ್‌ನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದೆ. ನೀರಿಗೆ ಬಾಟಲಿಯ ಮುಚ್ಚಳ ಸಾಕು. ಬ್ರಷ್ ಒರೆಸಲು ಹಳೆ ಕಾಲುಚೀಲದ ಮೇಲ್ಭಾಗ ಕತ್ತರಿಸಿ ಎಡಗೈ ಮಣಿಕಟ್ಟಿಗೆ ಹಾಕಿಕೊಳ್ಳುತ್ತೇನೆ. ಟಿಶ್ಯೂ ಗಾಳಿಗೆ ಹಾರಿ ಗುಡಿಯ ಅಂಗಳದಲ್ಲಿ ಕಸ ಆಗುವುದೂ ತಪ್ಪುತ್ತದೆ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಪಾಲಿಸಿ. ಗುಹೆಗಳ ಒಳಗೆ ನಾನು ನೀರು, ಬಣ್ಣ ಎರಡನ್ನೂ ಹೊರಗೆ ತೆಗೆಯಲಿಲ್ಲ. ಬರೀ ಪೆನ್ಸಿಲ್. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ಮೇಲೆ ನೋಡಿದರೆ ಆ ಕಾಲದ ಬಣ್ಣದ ಚಿತ್ರಗಳ ಕುರುಹು ಮಸುಕಾಗಿ ಇನ್ನೂ ಉಳಿದಿದೆ. ಕತ್ತು ನೋಯುವವರೆಗೂ ನೋಡುತ್ತಾ ನಿಂತಿದ್ದೆ. ಅಂಥ ಕಡೆ ನನ್ನ ಬ್ರಷ್‌ನ ಒಂದು ಹನಿಯೂ ಕಲ್ಲಿನ ಮೇಲೆ ಬೀಳಬಾರದು. ಹೊರಗೆ ಕೂತಾಗಲೂ ಬಣ್ಣದ ನೀರನ್ನು ಕಲ್ಲಿನ ಮೇಲಾಗಲಿ ಹೊಂಡಕ್ಕಾಗಲಿ ಚೆಲ್ಲಬೇಡಿ. ಮುಚ್ಚಳ ಇರುವ ಸಣ್ಣ ಡಬ್ಬಿಯಲ್ಲಿ ತುಂಬಿಕೊಂಡು ಬಂದು ಲಾಡ್ಜ್‌ನ ಬಚ್ಚಲಲ್ಲಿ ಚೆಲ್ಲಿದರಾಯಿತು.

ಪುಸ್ತಕ ನಾನೇ ಹೊಲಿದದ್ದು. 200 ಜಿಎಸ್ಎಂನ (ಚದರ ಮೀಟರಿಗೆ 200 ಗ್ರಾಂ ತೂಗುವ) ಒಂದು ಪೂರ್ತಿ ಜಲವರ್ಣ ಹಾಳೆ, ಅಂದರೆ 56 x 76 ಸೆಂಟಿಮೀಟರ್‌ನದು, ತಂದು ಎಂಟು ತುಂಡು ಮಾಡಿ ಪ್ರತಿಯೊಂದನ್ನೂ ನಡುವೆ ಮಡಚಿದರೆ 14 x 19ರ 32 ಪುಟ ಸಿಗುತ್ತದೆ. ಎರಡು ಹಾಳೆಗೆ 64 ಪುಟ. ದಪ್ಪ ದಾರದಲ್ಲಿ ಹೊಲಿದು, ಹಳೆ ಕ್ಯಾಲೆಂಡರಿನ ರಟ್ಟನ್ನು ಹೊದಿಕೆ ಮಾಡಿದೆ. 300 ಜಿಎಸ್ಎಂ ಇನ್ನೂ ಚೆನ್ನಾಗಿ ನೀರು ತಡೆಯುತ್ತದೆ ನಿಜ, ಆದರೆ ಪುಸ್ತಕ ಇಟ್ಟಿಗೆ ಆಗುತ್ತದೆ. ಹೊಲಿಯುವಾಗ ನಾಲ್ಕು ನಾಲ್ಕು ಹಾಳೆಗೊಮ್ಮೆ ಬೆರಳಗಲದ ಕಾಗದದ ಪಟ್ಟಿಯನ್ನೂ ಸೇರಿಸಿ ಹೊಲಿಯಿರಿ. ಟಿಕೆಟ್ಟು, ಬಟ್ಟೆ, ಎಲೆ ಅಂಟಿಸಿದ ಮೇಲೆ ಪುಸ್ತಕ ಹೊಟ್ಟೆ ಉಬ್ಬಿಸಿಕೊಂಡು ಬಾಯಿ ತೆರೆಯುತ್ತದಲ್ವಾ, ಆ ಪಟ್ಟಿ ಇದ್ದರೆ ಬೆನ್ನಿನ ಕಡೆ ಜಾಗ ಇರುತ್ತದೆ, ಹಾಗಾಗುವುದಿಲ್ಲ.

ಅಂಟಿಸುವ ಸಾಮಾನು ಈ ಕಿಟ್‌ನಲ್ಲಿ ಬಣ್ಣದಷ್ಟೇ ಮುಖ್ಯ ಅಂತ ನನಗೆ ಅನಿಸಿದ್ದು ಈ ಸಲ. ರೆಡಿಮೇಡ್ ಕಿಟ್‌ನಲ್ಲಿ ಅದೇ ಇರಲಿಲ್ಲ. ಚಿತ್ರ ಬಿಡಿಸುವುದಷ್ಟೇ ಆಗಿದ್ದರೆ ಸ್ಕೆಚ್‌ಬುಕ್ ಸಾಕು. ಜರ್ನಲ್ ಅಂದ ಮೇಲೆ ಊರಿನ ಚೂರುಪಾರು ಅದರೊಳಗೆ ಬಂದು ಕೂರಬೇಕು. ಒಂದು ಫೆವಿಸ್ಟಿಕ್, ಒಂದು ಡಬಲ್ ಸೈಡ್ ಟೇಪ್, ಸೂಜಿ ದಾರ, ಮತ್ತೆ ಕೊನೆಯ ರಟ್ಟಿಗೆ ಅಂಟಿಸಿದ ಒಂದು ಲಕೋಟೆ. ಅಲ್ಲಲ್ಲೇ ಕೂತು ಅಂಟಿಸಲು ಹೋಗಬೇಡಿ, ಸಿಕ್ಕಿದ್ದನ್ನೆಲ್ಲ ಲಕೋಟೆಗೆ ಹಾಕಿ, ರಾತ್ರಿ ಅಂಟಿಸಿ.

ಆದರೆ ಬಸ್ ಟಿಕೆಟ್ ವಿಷಯದಲ್ಲಿ ಹುಷಾರು. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್ ನಾವು ಮೂವರೂ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ನಲ್ಲಿ ಹೋದೆವು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. ಆ ಗುಡಿಯ ಚಿತ್ರದ ಪಕ್ಕದಲ್ಲಿ ನಮ್ಮ ಶೂನ್ಯ ಟಿಕೆಟ್ ಇರಬೇಕು ಅಂತ ಅಮ್ಮನದೇ ಆಸೆ. ಆದರೆ ಮಶೀನ್‌ನಿಂದ ಬರುವ ಈ ಟಿಕೆಟ್‌ಗಳು ಥರ್ಮಲ್ ಪೇಪರ್. ಶಾಯಿಯಿಂದ ಅಚ್ಚಾದದ್ದಲ್ಲ, ಕಾಗದದ ಮೇಲಿನ ಲೇಪ ಬಿಸಿಗೆ ಕಪ್ಪಾಗಿ ಅಕ್ಷರ ಮೂಡುವುದು. ಬಿಸಿಲು ತಾಗಿದರೆ, ಕೆಲವು ಅಂಟು, ಟೇಪು ತಾಗಿದರೂ ಅಕ್ಷರ ಮಾಯವಾಗುತ್ತದೆ. ಗೋಕರ್ಣದ ಪುಟದಲ್ಲಿ ಅಂಟಿಸಿದ್ದ ಟಿಕೆಟ್ ಈಗ ಬರೀ ಬಿಳಿ ಚೀಟಿ. ಈ ಸಲ ಊರಿನ ಹೆಸರು, ತಾರೀಖು, ಆ ಸೊನ್ನೆ, ಎಲ್ಲದರ ಮೇಲೂ ಪೆನ್ನಿನಿಂದ ತಿದ್ದಿ ಬರೆದು, ಬರೀ ನಾಲ್ಕು ಮೂಲೆಗೆ ಮಾತ್ರ ಅಂಟು ಹಚ್ಚಿದ್ದೇನೆ. ಮೊಬೈಲ್‌ನಲ್ಲಿ ಫೋಟೋನೂ ಇದೆ.

ಪೆನ್ ಅಂದೆನಲ್ಲ. ಪಿಗ್ಮಾ ಮೈಕ್ರಾನ್ 03 ಒಂದು, ಸಾದಾ ಬಾಲ್‌ಪೆನ್ ಒಂದು. ಮೈಕ್ರಾನ್ ಶಾಯಿ ಒಣಗಿದ ಮೇಲೆ ಮೇಲಿಂದ ನೀರು ಹಚ್ಚಿದರೂ ಕದಡುವುದಿಲ್ಲ, ಒಂದು ನಿಮಿಷ ತಾಳ್ಮೆ ಬೇಕು ಅಷ್ಟೇ. ಬಾಲ್‌ಪೆನ್ ಶಾಯಿ ಎಣ್ಣೆಯದು, ಅದೂ ನೀರಿಗೆ ಹರಡಲಿಲ್ಲ. ರೈಲಿನಲ್ಲಿ ಗದಗ ದಾಟಿದ ಮೇಲೆ ಕಿಟಕಿಯಿಂದ ಕಂಡ ಕಪ್ಪು ಮಣ್ಣಿನ ಹೊಲಗಳನ್ನು ಬಾಲ್‌ಪೆನ್‌ನಲ್ಲೇ ಗೀಚಿದ್ದು, ರೈಲು ಅಲುಗಾಡಿ ಗೆರೆ ಓರೆಕೋರೆ ಆದರೂ ಆ ಪುಟ ನನಗೆ ಬಹಳ ಇಷ್ಟ.

ಇನ್ನು ಚೀಲ. ಇದನ್ನು ಮಂಗ ಕಲಿಸಿತು. ಮೊದಲ ದಿನ ವಾಷಿ ಟೇಪು (ಬಣ್ಣ ಬಣ್ಣದ ಕಾಗದದ ಟೇಪು), ಕಲರ್ ಪೆನ್ಸಿಲ್ ಎಲ್ಲವನ್ನೂ ಪಾರದರ್ಶಕ ಪ್ಲಾಸ್ಟಿಕ್ ಪೌಚ್‌ನಲ್ಲಿ ಇಟ್ಟುಕೊಂಡಿದ್ದೆ. ಗುಹೆಯ ಮೆಟ್ಟಿಲ ಹತ್ತಿರ ಅದು ಚರಪರ ಅಂದದ್ದೇ ತಡ, ಒಂದು ಮಂಗ ಬಂದು ತಿಂಡಿ ಅಂತಲೇ ಕಿತ್ತುಕೊಂಡು ಬಂಡೆ ಹತ್ತಿತು. ಪೌಚ್ ಹರಿದು, ತಿನ್ನುವಂಥದ್ದು ಏನೂ ಇಲ್ಲ ಅಂತ ಗೊತ್ತಾದ ಮೇಲೆ ಎಸೆಯಿತು, ಮೂರು ಪೆನ್ಸಿಲ್ ಸಿಗಲೇ ಇಲ್ಲ. ಮಗಳು ಅತ್ತಳು. ಮಾರನೇ ದಿನದಿಂದ ಜಿಪ್ ಇರುವ ಬಟ್ಟೆ ಚೀಲ, ಅಡ್ಡ ಹಾಕಿಕೊಳ್ಳುವಂಥದ್ದು. ಶಬ್ದ ಇಲ್ಲ, ಒಳಗೇನಿದೆ ಅಂತ ಕಾಣುವುದೂ ಇಲ್ಲ. ಬಾದಾಮಿಗೆ ಹೋಗುವವರು ಇದನ್ನು ಮರೆಯಬೇಡಿ.

ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ರೊಟ್ಟಿ ಊಟ ಕೊಡುವ ಹೆಂಗಸರಿರುತ್ತಾರೆ. ಜೋಳದ ರೊಟ್ಟಿ, ಕಾಳು ಪಲ್ಯ, ಚಟ್ನಿ ಪುಡಿ, ಗಟ್ಟಿ ಮೊಸರು. ಊಟ ಆದ ಮೇಲೆ ಅಲ್ಲೇ ಕೂತು ಬುಟ್ಟಿ ಬಿಡಿಸುತ್ತಿದ್ದೆ. ಅಜ್ಜಿ ಬಗ್ಗಿ ನೋಡಿ, "ಬುಟ್ಟಿ ಅಷ್ಟ ಯಾಕ, ನನ್ನ ಚಿತ್ರಾನೂ ತಗಿಯವ್ವಾ" ಅಂದರು. "ಆಗಲಿ ಅಜ್ಜಿ, ಅಲ್ಲಾಡದೆ ಕೂತಿರಿ" ಅಂದೆ. ಕೂರಲಿಲ್ಲ, ಗಿರಾಕಿ ಬಂದರು. ಕಂಪಾಸ್ ಬಾಕ್ಸ್ ಮೊಣಕಾಲ ಮೇಲೆ ತೆರೆದೇ ಇತ್ತು. ಅಜ್ಜಿ ರೊಟ್ಟಿ ಎಣಿಸುವಷ್ಟರಲ್ಲಿ ಸೀರೆಯ ಕೆಂಪು ಅಂಚು, ನರೆಗೂದಲು, ಕೈಬಳೆ ಹಾಳೆಗೆ ಬಂದಿದ್ದವು. ಮುಖ ಅಷ್ಟು ಚೆನ್ನಾಗಿ ಬರಲಿಲ್ಲ, ಆದರೆ ಕೂತ ಭಂಗಿ ಅವರದೇ. ತೋರಿಸಿದಾಗ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು.

ಗುಳೇದಗುಡ್ಡ ಅಲ್ಲಿಂದ ದೂರವೇನಲ್ಲ, ಖಣದ ಬಟ್ಟೆಗೆ ಹೆಸರಾದ ಊರು. ಅಮ್ಮ ಕುಪ್ಪಸಕ್ಕೆ ಖಣ ತಗೊಂಡಾಗ ಅಂಗಡಿಯವರು ಒಂದು ಚೂರು ಕತ್ತರಿಸಿ ಕೊಟ್ಟರು. ಫೆವಿಸ್ಟಿಕ್ ಬಟ್ಟೆಯನ್ನು ಹಿಡಿಯಲಿಲ್ಲ, ಒಣಗಿದ ಮೇಲೆ ಕಳಚಿ ಬಂತು. ಸೂಜಿ ದಾರ ಇತ್ತಲ್ಲ, ನಾಲ್ಕು ಹೊಲಿಗೆ ಹಾಕಿ ಪುಟಕ್ಕೇ ಹೊಲಿದುಬಿಟ್ಟೆ. ಇಡೀ ಪುಸ್ತಕದಲ್ಲಿ ಮಗಳು ಮತ್ತೆ ಮತ್ತೆ ಮುಟ್ಟಿ ನೋಡುವುದು ಆ ಪುಟವನ್ನೇ.

ಬಳಸದೆ ಹಾಗೇ ವಾಪಸ್ ತಂದದ್ದು: ರಬ್ಬರ್ ಸ್ಟ್ಯಾಂಪ್‌ಗಳು, ಐದರಲ್ಲಿ ಮೂರು ವಾಷಿ ಟೇಪು, ದೊಡ್ಡ ಸ್ಕೇಲು. ವಾಷಿ ಟೇಪಿನ ಇಡೀ ಸುರುಳಿ ಬೇಡ, ಹಳೆ ಎಟಿಎಂ ಕಾರ್ಡಿಗೆ ಅರ್ಧರ್ಧ ಮೀಟರ್ ಸುತ್ತಿಕೊಳ್ಳಿ. ವಿಮಾನದಲ್ಲಿ ಹೋಗುವವರಾದರೆ ಕತ್ತರಿ, ಕಟರ್ ಕೈಚೀಲದಲ್ಲಿ ಬೇಡ, ಚೆಕ್-ಇನ್ ಲಗೇಜಿಗೆ ಹಾಕಿ. ವಾಟರ್ ಬ್ರಷ್‌ಗೆ ಇಳಿದ ಮೇಲೇ ನೀರು ತುಂಬಿ, ಮೇಲೆ ಹೋದಾಗ ಒತ್ತಡ ಬದಲಾಗಿ ಸೋರುತ್ತದೆ.

ಇದೇ ಕಿಟ್ ಮಳೆಗಾಲದಲ್ಲಿ ಮಲೆನಾಡಿಗೆ ಒಯ್ಯುವುದಾದರೆ ನಾನು ಹಾಗೇ ಒಯ್ಯುವುದಿಲ್ಲ. ಬಾದಾಮಿಯ ಒಣ ಗಾಳಿಗೆ ಪುಟ ಐದು ನಿಮಿಷದಲ್ಲಿ ಒಣಗುತ್ತಿತ್ತು. ಆಗುಂಬೆಯ ಜುಲೈನಲ್ಲಿ ಗ್ಲಿಸರಿನ್ ಹಾಕಿದ ಬಣ್ಣ ಜಿಗುಟಾಗಿಯೇ ಉಳಿಯುತ್ತದೆ, ಹಾಳೆಗಳು ಒಂದಕ್ಕೊಂದು ಅಂಟುತ್ತವೆ. ಅಲ್ಲಿಗೆ ಕಲರ್ ಪೆನ್ಸಿಲ್ ಜಾಸ್ತಿ, ಬಣ್ಣ ಕಮ್ಮಿ, ಪುಟಗಳ ನಡುವೆ ಇಡಲು ಬಟರ್ ಪೇಪರ್.

500 ರೂಪಾಯಿಯೊಳಗೆ ಶುರು ಮಾಡಬೇಕು ಅನ್ನುವವರು ದುಡ್ಡನ್ನು ಮೊದಲು ಒಳ್ಳೆ ಹಾಳೆಗೆ ಹಾಕಿ, ಆಮೇಲೆ ವಾಟರ್ ಬ್ರಷ್‌ಗೆ. ಬಣ್ಣ ಮಕ್ಕಳ ಸ್ಕೂಲ್ ಬ್ಯಾಗ್‌ನಲ್ಲಿ ಇರುವುದೇ ನಡೆಯುತ್ತದೆ, ಡಬ್ಬಿ ಮನೆಯಲ್ಲಿ ಹುಡುಕಿದರೆ ಸಿಗುತ್ತದೆ. ಹೊರಡುವ ಮೊದಲು ಒಂದು ಸಂಜೆ ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು, ಟೇಬಲ್ ಇಲ್ಲದೆ, ತೊಡೆಯ ಮೇಲಿಟ್ಟುಕೊಂಡೇ ಒಂದು ಪುಟ ಮಾಡಿ ನೋಡಿ. ಏನು ಕೈಗೆ ಸಿಗಲಿಲ್ಲ, ಏನು ಉರುಳಿ ಬಿತ್ತು ಅಂತ ಆಗಲೇ ಗೊತ್ತಾಗುತ್ತದೆ.