ಓಸ್ಮೋ ಪಾಕೆಟ್ 3: ಆಟದ ಮರುಳಿನವನ ಕಿಸೆಯಲ್ಲಿ

ಉಡುಪಿಯವ ನಾನು, ಯಕ್ಷಗಾನ ಮೇಳ ತಿರುಗಾಟಕ್ಕೆ ಹೊರಟ್ರೆ ಇವತ್ತು ರಾತ್ರಿ ಎಲ್ಲಿ ಆಟ ಅಂತ ಹುಡುಕಿಕೊಂಡು ಹೋಗುವ ಜನ, ಡಿಜೆಐ ಓಸ್ಮೋ ಪಾಕೆಟ್ 3 ಅನ್ನುವ ಸಣ್ಣ ವೀಡಿಯೊ ಕ್ಯಾಮೆರಾ ತಗೊಂಡದ್ದೂ ಅದಕ್ಕೇ. 2023ರ ಅಕ್ಟೋಬರಲ್ಲಿ ಬಂದ ಮಾಡೆಲ್, ತೂಕ 179 ಗ್ರಾಂ. ಸ್ಕ್ರೀನ್ ಅಡ್ಡ ತಿರುಗಿಸಿದ್ರೆ ಆನ್, ಬಟನ್ ಒತ್ತಿದ್ರೆ ರೆಕಾರ್ಡಿಂಗ್, ಅಷ್ಟೇ.

ಮೊಬೈಲ್ ಇರುವಾಗ ಇದೆಂತಕ್ಕೆ ಮಾರಾಯ್ರೆ ಅಂತ ಎಲ್ಲರೂ ಕೇಳ್ತಾರೆ. ಒಳ್ಳೆ ಪದ್ಯ ಏರುವ ಹೊತ್ತಿಗೇ ಯಾರದ್ದಾದ್ರೂ ಫೋನ್ ಬರ್ತದೆ, ಬ್ಯಾಟರಿ ಮುಗಿದ್ರೆ ಮತ್ತೆ ಮನೆಗೆ ಫೋನ್ ಮಾಡ್ಲಿಕ್ಕೂ ಇಲ್ಲ. 2007ರಲ್ಲಿ ಅಮೆರಿಕದಲ್ಲಿ ಫ್ಲಿಪ್ ಅಂತ ಒಂದು ಕಿಸೆ ವೀಡಿಯೊ ಕ್ಯಾಮೆರಾ ಬಂದಿತ್ತು, ದೊಡ್ಡ ಕೆಂಪು ಬಟನ್, ಬದಿಯಿಂದ ಚಿಮ್ಮಿ ಹೊರಗೆ ಬರುವ ಯುಎಸ್‌ಬಿ, ಕ್ಯಾಸೆಟ್ ಇಲ್ಲ ಕೇಬಲ್ ಇಲ್ಲ, ಯಾರು ಬೇಕಾದ್ರೂ ಹಿಡೀಬಹುದಿತ್ತು. ಸಿಸ್ಕೋ ಕಂಪನಿ 2009ರಲ್ಲಿ 59 ಕೋಟಿ ಡಾಲರಿಗೆ ಅದನ್ನು ಕೊಂಡು 2011ರಲ್ಲಿ ಮುಚ್ಚಿಯೇ ಬಿಟ್ಟಿತು, ಅಷ್ಟರಲ್ಲಿ ಫೋನಲ್ಲೇ ವೀಡಿಯೊ ಚಂದ ಬರ್ತಿತ್ತಲ್ಲ. ಆದ್ರೂ ವೀಡಿಯೊಕ್ಕೇ ಅಂತ ಒಂದು ಸಣ್ಣ ವಸ್ತು ಬೇಕು ಅನ್ನುವವರು ನಮ್ಮಂಥವರು ಉಳಿದೇ ಇದ್ದೆವು. ಈ ಪಾಕೆಟ್ 3ರಲ್ಲಿ ಒಂದು ಇಂಚಿನ ಸೆನ್ಸರ್, ಕೈ ನಡುಗಿದ್ರೂ ಚಿತ್ರ ಅಲುಗದ ಹಾಗೆ ಗಿಂಬಲ್ ಬೇರೆ.

ಇದರ ನಿಜವಾದ ಬೆಲೆ ಗೊತ್ತಾಗುವುದು ಚೌಕಿಯಲ್ಲಿ, ಅಂದ್ರೆ ಕಲಾವಿದರು ವೇಷ ಕಟ್ಟುವ ಕೋಣೆಯಲ್ಲಿ. ಕೇಳಿಕೊಂಡೇ ಒಳಗೆ ಹೋಗ್ತೇನೆ, ಆದ್ರೆ ದೊಡ್ಡ ಕ್ಯಾಮೆರಾ ಕಂಡ್ರೆ ಕಲಾವಿದರು ಒಂದು ನಮೂನೆ ಬಿಗಿಯಾಗಿ ಕೂರ್ತಾರೆ, ಇದನ್ನು ಎರಡು ನಿಮಿಷದಲ್ಲಿ ಮರ್ತೇ ಬಿಡ್ತಾರೆ. ಬಣ್ಣದ ವೇಷಕ್ಕೆ, ಅಂದ್ರೆ ರಾಕ್ಷಸ ಪಾತ್ರಕ್ಕೆ, ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದಲ್ಲಿ ಮುಳ್ಳಿನ ಹಾಗೆ ಚುಟ್ಟಿ ಇಡುವುದನ್ನು ಹತ್ತಿರದಿಂದ ತೆಗ್ದಿದ್ದೇನೆ, ಒಂದೊಂದೇ ಮುಳ್ಳು ಎದ್ದು ನಿಲ್ಲುವುದು, ಹಿಟ್ಟು ಒಣಗ್ತಾ ಬೆಳ್ಳಗಾಗುವುದು, ಕಲಾವಿದರು ಕನ್ನಡಿಯಿಂದ ಕಣ್ಣು ತೆಗೀದೇ ಚಾ ಕುಡಿಯುವುದು ಎಲ್ಲ ಬಂದಿದೆ. ಒಂದು ಗೇಣು ದೂರದಲ್ಲೂ ಫೋಕಸ್ ಕೂರ್ತದೆ.

ರಂಗಸ್ಥಳದ ಕಥೆ ಬೇರೆ. ಲೆನ್ಸ್ 20 ಎಂಎಂ, ಅಂದ್ರೆ ಅಗಲ ಜಾಸ್ತಿ, ಆಪ್ಟಿಕಲ್ ಝೂಮ್ ಇಲ್ಲ, ಹಿಂದೆ ಕೂತ್ರೆ ವೇಷ ಇಷ್ಟೇ ಇಷ್ಟು ಕಾಣ್ತದೆ. ಎದುರು ಕೂತ್ರೆ ಚಿತ್ರ ಚಂದ, ವೇಷ ಹಾರಿ ತಿರುಗಿ ದಿಗಿಣ ಹಾಕುವಾಗ ಸ್ಕ್ರೀನಲ್ಲಿ ಅದರ ಸುತ್ತ ಬೆರಳಲ್ಲಿ ಚೌಕ ಎಳೆದು ಬಿಟ್ರೆ ಗಿಂಬಲ್ ತಾನೇ ಹಿಂದೆ ಹೋಗ್ತದೆ, ಆದ್ರೆ ಚೆಂಡೆ ಕಿವಿಗೇ ಬಡಿತದೆ, ಇಷ್ಟು ಸಣ್ಣ ಮೈಕ್ ಯಾವುದಾದ್ರೂ ಆ ಪೆಟ್ಟು ತಡೀಲಿಕ್ಕಿಲ್ಲ. ಹಾಗಾಗಿ ಕ್ರಿಯೇಟರ್ ಕಾಂಬೊ ಅನ್ನುವ ಸೆಟ್ಟನ್ನೇ ತಗೊಳ್ಳಿ, ಅದರ ಜೊತೆ ವೈರ್‌ಲೆಸ್ ಮೈಕ್ ಬರ್ತದೆ. ನಾನು ಅದನ್ನು ಪದ್ಯ ಹೇಳುವ ಭಾಗವತರಲ್ಲಿ ಕೇಳಿ ಅವರ ಹತ್ತಿರ ಇಡ್ತೇನೆ, ಚೆಂಡೆಯಿಂದ ಆದಷ್ಟು ಆಚೆ. ಪದ್ಯ, ಜಾಗಟೆ ಎರಡೂ ಸ್ಪಷ್ಟ ಸಿಗ್ತದೆ. ಭಾಗವತಿಕೆ ಸರಿ ಕೇಳದ ಆಟದ ವೀಡಿಯೊ ನನಗಂತೂ ಬೇಡ.

ಬ್ಯಾಟರಿ ಬಿಚ್ಚಿ ಬದಲಾಯಿಸುವ ಹಾಗಿಲ್ಲ, ಬೆಳಗ್ಗಿನವರೆಗಿನ ಆಟಕ್ಕೆ ಪವರ್ ಬ್ಯಾಂಕ್ ಬೇಕೇ ಬೇಕು.

ಇನ್ನು ನಮ್ಮೂರಿನ ಮಳೆ. ಇದು ವಾಟರ್‌ಪ್ರೂಫ್ ಅಲ್ಲ, ಮಲ್ಪೆ ಕಡೆ ಉಪ್ಪುಗಾಳಿಗೆ ತೆಗೆದ್ರೆ ಮನೆಗೆ ಬಂದು ಒಣ ಬಟ್ಟೆಯಲ್ಲಿ ಒರೆಸ್ತೇನೆ. ಮೇ ಕೊನೆಯ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿಡ್ತೇನೆ, ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿದ್ರೆ ಸುಲಭದಲ್ಲಿ ಹೋಗುವುದಿಲ್ಲ. ಆಗಾಗ ಹೊರಗೆ ತೆಗೆದು ಚಾರ್ಜ್ ಮಾಡಿ ಸ್ವಲ್ಪ ಓಡಿಸಿ. ಹೊಸತಾಗಿ ತಗೊಳ್ಳುವವರು ಮೊಬೈಲಲ್ಲಿ ಡಿಜೆಐಯ ಮಿಮೋ ಆ್ಯಪ್ ಹಾಕಿ ಮನೆಯಲ್ಲೇ ಆಕ್ಟಿವೇಟ್ ಮಾಡಿಕೊಳ್ಳಿ, ಗದ್ದೆ ಬದಿಯ ಆಟದಲ್ಲಿ ನೆಟ್‌ವರ್ಕ್ ಸಿಗುವುದು ಕಷ್ಟ.