ಆರ್‌ಎಕ್ಸ್ 100ರ ಆಯಿಲ್ ಪಂಪ್: ಕೀಳಿಸುವ ಮೊದಲು ಸ್ವಲ್ಪ ಯೋಚಿಸಿ

ಯಮಹಾದ ಆರ್‌ಎಕ್ಸ್ 100 ಟು-ಸ್ಟ್ರೋಕ್ ಬೈಕ್, ಅದರ ಎಂಜಿನ್ನಿನಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಉರಿದುಹೋಗುತ್ತದೆ. ಆ ಆಯಿಲನ್ನು ಬೇರೆ ಟ್ಯಾಂಕಿನಿಂದ ಅಳೆದು ಬಿಡುವುದೇ ಆಯಿಲ್ ಪಂಪ್. ಹಳೆ ಆರ್‌ಎಕ್ಸ್ 100 ಮನೆಗೆ ತಂದ ಕೂಡಲೇ ಎಲ್ಲರೂ ಕೊಡುವ ಸಲಹೆ ಒಂದೇ. "ಆ ಆಯಿಲ್ ಪಂಪ್ ನಂಬಬೇಡ ಮಾರಾಯ, ತೆಗೆಸಿಬಿಡು, ಪೆಟ್ರೋಲಿಗೇ ಆಯಿಲ್ ಹಾಕಿ ಓಡಿಸು." ನನಗೆ ಸಿಕ್ಕ ಗಾಡಿಯಲ್ಲಿ ಹಿಂದಿನವರು ಆ ಕೆಲಸ ಮೊದಲೇ ಮಾಡಿಸಿದ್ದರು. ಹಾಗೇ ಸ್ವಲ್ಪ ಕಾಲ ಓಡಿಸಿದೆ, ಆಮೇಲೆ ಪಂಪ್ ವಾಪಸ್ ಕೂರಿಸಿದೆ. ಮನೆಯಲ್ಲಿ ಇನ್ನೊಂದು ಹಳೆ ಟು-ಸ್ಟ್ರೋಕ್ ಬೈಕ್, ಯೆಜ್ದಿ ರೋಡ್‌ಕಿಂಗ್ ಕೂಡ ಇದೆ, ಅದಕ್ಕೆ ಪಂಪೇ ಇಲ್ಲ. ಎರಡೂ ಥರ ಓಡಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ: ಯಮಹಾದ ಈ ಪಂಪ್ ಅಪ್ಪಟ ಒಳ್ಳೆ ಮಾಲು. ಕೆಟ್ಟಿದ್ದರೆ ರಿಪೇರಿ ಮಾಡಿಸಿ, ಕೀಳಿಸಬೇಡಿ.

ಇದು ನಿನ್ನೆ ಮೊನ್ನೆಯ ವಸ್ತುವಲ್ಲ. ಯಮಹಾ ಇದನ್ನು ಆಟೋಲ್ಯೂಬ್ ಅಂತ ಹೆಸರಿಟ್ಟು 1964ರ ವೈಎ6 ಗಾಡಿಯಲ್ಲಿ ತಂದಿತ್ತು. 1985ರಲ್ಲಿ ನಮ್ಮಲ್ಲಿಗೆ ಆರ್‌ಎಕ್ಸ್ ಬರುವ ಹೊತ್ತಿಗೆ ಇದು ಚೆನ್ನಾಗಿ ಪಳಗಿದ ಪಂಪ್. ಎಂಜಿನ್ನೇ ಇದನ್ನು ತಿರುಗಿಸುತ್ತದೆ. ಜೊತೆಗೆ ಎಕ್ಸಲೇಟರ್ ಕೇಬಲ್ ಕವಲೊಡೆದು ಒಂದು ಕಾರ್ಬುರೇಟರಿಗೆ, ಇನ್ನೊಂದು ಪಂಪಿಗೆ ಹೋಗುತ್ತದೆ. ಹಾಗಾಗಿ ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ, ನಾವು ಎಷ್ಟು ಎಕ್ಸಲೇಟರ್ ಕೊಟ್ಟಿದ್ದೇವೆ, ಎರಡನ್ನೂ ನೋಡಿಕೊಂಡು ಆಯಿಲ್ ಬಿಡುತ್ತದೆ. ಸಿಗ್ನಲ್‌ನಲ್ಲಿ ಸುಮ್ನೆ ನಿಂತಾಗ ಚೂರೇ ಚೂರು. ಹೈವೇಯಲ್ಲಿ ಎಳೆದಾಗ ಜಾಸ್ತಿ.

ಪೆಟ್ರೋಲಿಗೆ ಬೆರೆಸಿದರೆ ಈ ಲೆಕ್ಕಾಚಾರ ಇಲ್ಲ. ಲೀಟರಿಗೆ 40 ಎಂಎಲ್ ಅಂದರೆ 25ಕ್ಕೆ 1, ಊರೊಳಗೂ ಅಷ್ಟೇ, ಹೈವೇಯಲ್ಲೂ ಅಷ್ಟೇ. ಪಂಪ್ ಇಲ್ಲದಾಗ ನನ್ನ ಆರ್‌ಎಕ್ಸ್ ಟ್ರಾಫಿಕ್‌ನಲ್ಲಿ ಹೊಗೆ ಕಾರುತ್ತಿತ್ತು, ಪ್ಲಗ್ ಪದೇ ಪದೇ ಒದ್ದೆಯಾಗುತ್ತಿತ್ತು, ಸೈಲೆನ್ಸರ್ ತುದಿಯಲ್ಲಿ ಕಪ್ಪು ಜಿಡ್ಡು ತೊಟ್ಟಿಕ್ಕುತ್ತಿತ್ತು. ಪಂಪ್ ಹಾಕಿದ ಮೇಲೆ ಇವು ಮೂರೂ ಕಡಿಮೆಯಾದವು.

ಘಾಟಿ ಇಳಿಯುವಾಗ ವ್ಯತ್ಯಾಸ ಇನ್ನೂ ದೊಡ್ಡದು. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಸೆಕೆಂಡ್ ಗೇರ್ ಹಾಕಿ ಎಕ್ಸಲೇಟರ್ ಪೂರ್ತಿ ಬಿಟ್ಟು ಇಳಿಯುತ್ತೀರಿ ಅಂದುಕೊಳ್ಳಿ. ಎಂಜಿನ್ ಜೋರಾಗಿ ತಿರುಗುತ್ತಲೇ ಇರುತ್ತದೆ, ಆದರೆ ಕಾರ್ಬುರೇಟರ್ ಮುಚ್ಚಿರುವುದರಿಂದ ಪೆಟ್ರೋಲ್ ಒಳಗೆ ಹೋಗುವುದು ತೀರಾ ಕಮ್ಮಿ. ಆಯಿಲ್ ಆ ಪೆಟ್ರೋಲಿನಲ್ಲೇ ಇದ್ದರೆ ಆಯಿಲೂ ಕಮ್ಮಿ. ಪಂಪ್ ಇದ್ದರೆ ಎಂಜಿನ್ ತಿರುಗುವಷ್ಟು ಹೊತ್ತೂ ಒಂದಿಷ್ಟಾದರೂ ಹೋಗುತ್ತಿರುತ್ತದೆ. ಅದಕ್ಕೇ ಯೆಜ್ದಿಯಲ್ಲಿ ಘಾಟಿ ಇಳಿಯುವಾಗ ನಾನು ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ಎಕ್ಸಲೇಟರ್ ಕೊಡುತ್ತೇನೆ. ಹಳೆ ಯೆಜ್ದಿ ಸವಾರರಿಗೆ ಇದು ಕೈಗೆ ಬಂದ ಅಭ್ಯಾಸ.

ಹಾಗಾದರೆ ಪಂಪಿಗೆ ಇಷ್ಟು ಕೆಟ್ಟ ಹೆಸರು ಯಾಕೆ? ತಪ್ಪು ಪಂಪಿನದ್ದಲ್ಲ, ಅದರ ಸುತ್ತಲಿನ ಸಣ್ಣಪುಟ್ಟ ಸಾಮಾನುಗಳದ್ದು. ಶಾಫ್ಟಿನ ಸೀಲ್ ಸವೆದರೆ ಟು-ಟಿ ಆಯಿಲ್ (ಟು-ಸ್ಟ್ರೋಕ್ ಎಂಜಿನ್ನಿನ ಆಯಿಲ್) ಗೇರ್ ಬಾಕ್ಸಿಗೆ ಇಳಿಯುತ್ತದೆ. ಆಯಿಲ್ ತಾನಾಗೇ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಸಡಿಲವಾದರೆ ಗಾಡಿ ನಿಂತಲ್ಲೇ ಆಯಿಲ್ ಎಂಜಿನ್ ಒಳಗೆ ಜಾರುತ್ತದೆ, ವಾರ ಬಿಟ್ಟು ಕಿಕ್ ಹೊಡೆದರೆ ಬೀದಿಯೆಲ್ಲ ಹೊಗೆ. ಕೇಬಲ್ ಎಳೆದುಕೊಂಡು ಉದ್ದವಾದರೆ ಪಂಪ್ ಪೂರ್ತಿ ತೆರೆಯುವುದಿಲ್ಲ. ಆಯಿಲ್ ಟ್ಯಾಂಕ್ ಒಮ್ಮೆ ಖಾಲಿಯಾದರೆ ಪೈಪಿನಲ್ಲಿ ಗಾಳಿ ಸೇರುತ್ತದೆ, ಮತ್ತೆ ತುಂಬಿಸಿದರೂ ಆ ಗಾಳಿ ತೆಗೆಯದೆ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎಲ್ಲರೂ ಹೆದರುವುದು ಇದಕ್ಕೇ, ಆ ಹೆದರಿಕೆ ಸುಳ್ಳಲ್ಲ. ಆದರೆ ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಸರಿ ಮಾಡುವಂಥವು.

ನಾನು ಮಾಡಿಸಿದ್ದು ಹೀಗೆ. ಪಂಪ್ ಬಿಚ್ಚಿ ತೊಳೆದು ಹೊಸ ಸೀಲ್, ಹೊಸ ಪೈಪ್, ಹೊಸ ಕೇಬಲ್. ಕೇಬಲ್ ಅಡ್ಜಸ್ಟ್ ಮಾಡುವಾಗ ಪಂಪಿನ ಚಕ್ರದ ಮೇಲಿರುವ ಗೆರೆ ಅಲ್ಲಿರುವ ಪಿನ್ನಿಗೆ ಸರಿಯಾಗಿ ನೇರ ಬರಬೇಕು, ಅಂದಾಜಿನಲ್ಲಿ ಬಿಡಬಾರದು. ಆಮೇಲೆ ಒಳಗಿನ ಗಾಳಿ ಹೊರಗೆ ಬಿಡಲು ಪಂಪಿನ ಬ್ಲೀಡ್ ಸ್ಕ್ರೂ ಬಿಚ್ಚಿ ಕಾಯಬೇಕು. ಮೊದಲು ಗುಳ್ಳೆ ಗುಳ್ಳೆಯಾಗಿ ಬರುತ್ತದೆ, ಕೊನೆಗೆ ಗುಳ್ಳೆ ನಿಂತು ಬರೀ ಆಯಿಲ್ ಇಳಿಯುತ್ತದೆ. ಆಗಲೇ ಬಿಗಿ ಮಾಡಬೇಕು. ಮೊದಲ ಟ್ಯಾಂಕ್ ಪೆಟ್ರೋಲಿಗೆ ಲೀಟರಿಗೆ 20 ಎಂಎಲ್ ಆಯಿಲ್ ಕೂಡ ಬೆರೆಸಿಕೊಂಡು ಓಡಿಸಿ. ಆಯಿಲ್ ಟ್ಯಾಂಕಿಗೆ ಒಂದು ಗುರುತು ಹಾಕಿಡಿ, ಮಟ್ಟ ಇಳಿಯುತ್ತಿದ್ದರೆ ಪಂಪ್ ಎಳೆಯುತ್ತಿದೆ ಅಂತ ಧೈರ್ಯ.

ತೆಗೆಸಲೇಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ನನ್ನ ಗಾಡಿಯಲ್ಲಿ ಕಾರ್ಬುರೇಟರ್ ಹತ್ತಿರ ಆಯಿಲ್ ಪೈಪ್ ಸೇರುವ ನಿಪ್ಪಲ್‌ಗೆ ಯಾವುದೋ ಗ್ಯಾರೇಜಿನವರು ರಬ್ಬರ್ ಟ್ಯೂಬಿನ ತುಂಡು ತೊಡಿಸಿ ಅದರೊಳಗೆ ಒಂದು ಸ್ಕ್ರೂ ತುರುಕಿ ಬಿಟ್ಟಿದ್ದರು. ರಬ್ಬರ್ ಬಿರುಕು ಬಿಟ್ಟು ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಗಾಳಿ ಜಾಸ್ತಿಯಾದರೆ ಎಂಜಿನ್ ಬಿಸಿಯಾಗುತ್ತದೆ, ಸೀಜ್ ಆಗುತ್ತದೆ, ಅಂದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸೀಜ್ ತಪ್ಪಲಿ ಅಂತ ಪಂಪ್ ಕೀಳಿಸಿ ಸೀಜ್‌ಗೇ ದಾರಿ ಮಾಡಿಕೊಟ್ಟ ಹಾಗಲ್ವಾ?

"ಎರಡು ಹನಿ ಜಾಸ್ತಿಯೇ ಹಾಕು, ಒಳ್ಳೇದು" ಅನ್ನುವುದೂ ಸರಿಯಲ್ಲ. ಪೆಟ್ರೋಲಿಗೆ ಬೆರೆಸಿ ಓಡಿಸುವಾಗ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹೋಗುವ ಜೆಟ್ಟಿನ ತೂತು ಅಷ್ಟೇ ಇರುತ್ತದೆ, ಅದರಲ್ಲಿ ಆಯಿಲ್ ಹೆಚ್ಚಾದರೆ ಪೆಟ್ರೋಲ್ ಕಮ್ಮಿಯಾಗುತ್ತದೆ, ಎಂಜಿನ್ ಇನ್ನೂ ಬಿಸಿಯಾಗುತ್ತದೆ.

ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನ ವಿಷಯವೂ ಇದೆ. ಅದರಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇರುತ್ತದೆ, ಎಥನಾಲ್ ನೀರು ಹೀರುತ್ತದೆ. ನೀರಿನಂಶ ಮಿತಿ ಮೀರಿದರೆ ಎಥನಾಲೂ ನೀರೂ ಸೇರಿ ಟ್ಯಾಂಕಿನ ತಳಕ್ಕೆ ಇಳಿದುಬಿಡುತ್ತವೆ, ನಾವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾರ್ಬುರೇಟರಿಗೆ ಮೊದಲು ಹೋಗುವುದು ತಳದ್ದೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಯೆಜ್ದಿಯನ್ನು ಹಳೆ ಪೆಟ್ರೋಲಿನಲ್ಲೇ ಸ್ಟಾರ್ಟ್ ಮಾಡಬೇಡಿ, ಖಾಲಿ ಮಾಡಿ ಹೊಸದು ಬೆರೆಸಿ ಹಾಕಿ. ಆರ್‌ಎಕ್ಸ್‌ನಲ್ಲಿ ಆಯಿಲ್ ಬೇರೆ ಟ್ಯಾಂಕಿನಲ್ಲಿ ಇರುವುದರಿಂದ ಆಯಿಲ್ ತಪ್ಪುವ ಭಯ ಇಲ್ಲ, ಆದರೂ ನೀರು ಸೇರಿದ ಪೆಟ್ರೋಲ್ ಅದಕ್ಕೂ ಆಗಿಬರುವುದಿಲ್ಲ.

ಯೆಜ್ದಿಯ ಬಗ್ಗೆ ನನಗೆ ದೂರಿಲ್ಲ. ಮೈಸೂರಿನಲ್ಲಿ ಹುಟ್ಟಿದ ಗಾಡಿ, ಬೆರೆಸಿದ ಪೆಟ್ರೋಲಿಗೆಂದೇ ಕಟ್ಟಿದ ಎಂಜಿನ್. ಅಳತೆ ಬಾಟಲಿ ಸೀಟಿನ ಪಕ್ಕ ಇಟ್ಟುಕೊಂಡು, ಆಯಿಲನ್ನು ಸ್ವಲ್ಪ ಪೆಟ್ರೋಲಿನಲ್ಲಿ ಚೆನ್ನಾಗಿ ಕಲಕಿ ಆಮೇಲೆ ಟ್ಯಾಂಕಿಗೆ ಸುರಿದರೆ ಅದು ಇನ್ನೂ ಓಡುತ್ತದೆ. ರೇಸಿಗೆ ಆರ್‌ಎಕ್ಸ್ ತಯಾರು ಮಾಡುವವರು ಬೆರೆಸಿ ಓಡಿಸುವುದೂ ಸರಿಯೇ, ಅವರ ಎಂಜಿನ್ ಬೇರೆ, ಲೆಕ್ಕ ಬೇರೆ.

ಪಂಪಿಗೆ ಆಯಿಲ್ ಆರಿಸುವಾಗ ಡಬ್ಬಿಯ ಮೇಲೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ಇದೆಯಾ ನೋಡಿ. ದೋಣಿ ಎಂಜಿನ್ನಿನ ಟಿಸಿ-ಡಬ್ಲ್ಯೂ3 ಆಯಿಲ್ ಅಗ್ಗಕ್ಕೆ ಸಿಕ್ಕಿತು ಅಂತ ಹಾಕಬೇಡಿ, ಅದು ನೀರಿನಲ್ಲಿ ತಣಿಯುವ ಎಂಜಿನ್ನಿಗೆ, ನಮ್ಮದು ಗಾಳಿಯಲ್ಲಿ ತಣಿಯುವುದು. ಬಳಸಿದ ಪಂಪ್ ಕೊಳ್ಳುವುದಾದರೆ ಶಾಫ್ಟ್ ಬೆರಳಲ್ಲಿ ತಿರುಗಿಸಿ ನೋಡಿ, ಅಲುಗಾಡಿದರೆ ಬಿಟ್ಟುಬಿಡಿ.