ಒಂದೇ ಕೈಯಲ್ಲಿ ಆರ್‌ಸಿ ಕಾರು: ಯಾವ ರಿಮೋಟ್ ಕೊಳ್ಳಬೇಕು, ಯಾವುದನ್ನು ಬಿಡಬೇಕು

ಆರ್‌ಸಿ ಕಾರಿನ, ಅಂದರೆ ರೇಡಿಯೊ ರಿಮೋಟಿನಲ್ಲಿ ಓಡುವ ಪುಟ್ಟ ಕಾರಿನ, ಪಿಸ್ತೂಲಿನ ಆಕಾರದ ರಿಮೋಟನ್ನು ಕೈಗಿಟ್ಟು ‘ಒಂದೇ ಕೈಯಲ್ಲಿ ಓಡಿಸಬಹುದು’ ಅಂತ ಯಾರಾದರೂ ಹೇಳಿದರೆ ಒಂದು ಪರೀಕ್ಷೆ ಮಾಡಿ. ಎಡಗೈಯಲ್ಲಿ ಅದರ ಹಿಡಿಯನ್ನು ಹಿಡಿದು ತೋರುಬೆರಳನ್ನು ಟ್ರಿಗರಿಗೆ ಕೊಡಿ. ಬಲಗೈಯನ್ನು ಜೇಬಿಗೆ ಹಾಕಿಕೊಂಡು ಈಗ ಗಾಡಿ ತಿರುಗಿಸಿ. ಆಗುವುದಿಲ್ಲ. ವೇಗ ಎಡಗೈ ತೋರುಬೆರಳಿನದು, ತಿರುವು ಬಲಗೈಯಲ್ಲಿರುವ ಸ್ಪಂಜಿನ ಚಕ್ರದ್ದು. ಒಂದು ಕೈಯಲ್ಲಿ ಹಿಡಿಯಬಹುದಾದ ಮಾತ್ರಕ್ಕೆ ಅದು ಒಂದು ಕೈಯಲ್ಲಿ ಓಡಿಸುವ ರಿಮೋಟ್ ಅಲ್ಲ.

ಇನ್ನೊಂದು ಕೈ ಬಿಡುವಾಗಿ ಇರಬೇಕಾದವರು ಕಡಿಮೆ ಇಲ್ಲ. ಕ್ರಾಲರ್ (ಬಂಡೆ ಹತ್ತುವ ಆರ್‌ಸಿ ಗಾಡಿ) ಹಿಂದೆ ಕೋಲೂರಿಕೊಂಡು ಬಂಡೆ ಹತ್ತುವವರಿದ್ದಾರೆ, ಫೋನಿನಲ್ಲಿ ವಿಡಿಯೊ ಹಿಡಿಯುವವರಿದ್ದಾರೆ, ಒಂದು ಕೈ ಸ್ವಾಧೀನವಿಲ್ಲದವರಿದ್ದಾರೆ. ಇವರೆಲ್ಲರೂ ಚಾನೆಲ್ (ತಿರುವು, ವೇಗ ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಸಂಕೇತ) ಎಷ್ಟು, ದೂರ ಎಷ್ಟು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಕೈ, ಮತ್ತು ಆ ಕೈಯ ಹೆಬ್ಬೆರಳು ಎಲ್ಲಿಯವರೆಗೆ ಮುಟ್ಟುತ್ತದೆ?

ಕೊಳ್ಳಬಾರದ ಎರಡನ್ನು ಮೊದಲೇ ಹೇಳಿಬಿಡಬೇಕು. ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡಿನ ಪುಟ್ಟ ರಿಮೋಟುಗಳು ಅಂಗೈಯಲ್ಲಿ ಚೆನ್ನಾಗಿ ಕೂರುತ್ತವೆ, ಆದರೆ ಅವುಗಳಲ್ಲಿ ಇರುವುದು ವೇಗ ಮತ್ತು ಬ್ರೇಕ್ ಮಾತ್ರ. ತಿರುವಿಗೆ ಚಾನೆಲ್ಲೇ ಇಲ್ಲ. ಇನ್ನು ಕೈ ಅಲುಗಾಡಿಸಿದರೆ ಓಡುವ, ಮಣಿಕಟ್ಟಿಗೆ ಕಟ್ಟುವ ಆಟಿಕೆ ರಿಮೋಟುಗಳು ಅವುಗಳ ಜೊತೆ ಬಂದ ಗಾಡಿಗೆ ಮಾತ್ರ ಮಾತಾಡುತ್ತವೆ. ಬೇರೆ ಗಾಡಿಯೊಳಗೆ ಸಂಕೇತ ಹಿಡಿಯುವ ರಿಸೀವರ್‌ಗೆ ಬೈಂಡ್ ಆಗುವುದಿಲ್ಲ, ಅಂದರೆ ಜೋಡಿಯಾಗುವುದಿಲ್ಲ. ಹೆಚ್ಚಿನವುಗಳಲ್ಲಿ ತಿರುವು ಪೂರ್ತಿ ಎಡ ಅಥವಾ ಪೂರ್ತಿ ಬಲ, ನಡುವೆ ಏನೂ ಇಲ್ಲ.

ಉಳಿಯುವುದು ಎರಡು ದಾರಿ. ಅಗ್ಗದ್ದು, ಯಾರೂ ಕಾರಿಗೆ ಅಂತ ಶಿಫಾರಸು ಮಾಡದಿರುವುದು, ವಿಮಾನದ ರಿಮೋಟ್.

ಫ್ಲೈಸ್ಕೈ ಎಫ್‌ಎಸ್-ಐ6 ನಮ್ಮಲ್ಲಿ ಡ್ರೋನ್ ಬಿಡಿಭಾಗ ಮಾರುವ ಹೆಚ್ಚಿನ ಕಡೆ ಸಿಗುತ್ತದೆ. ಆರು ಚಾನೆಲ್, ನಾಲ್ಕು ಎಎ ಸೆಲ್, ಸಾಮಾನ್ಯವಾಗಿ ಜೊತೆಗೆ ಐಎ6ಬಿ ರಿಸೀವರ್. ಮೋಡ್ ಅಂದರೆ ಯಾವ ಸ್ಟಿಕ್ಕಿಗೆ ಯಾವ ಕೆಲಸ ಅನ್ನುವ ಹಂಚಿಕೆ. ಮೋಡ್ 2 ಮಾದರಿಯಲ್ಲಿ ಬಲಗಡೆಯ ಸ್ಟಿಕ್ ಅಡ್ಡಕ್ಕೂ ಉದ್ದಕ್ಕೂ ಎರಡು ಕಡೆಯೂ ಸ್ಪ್ರಿಂಗ್‌ನಿಂದ ನಡುವಿಗೆ ಮರಳುತ್ತದೆ. ಅಡ್ಡ ಚಲನೆ 1ನೇ ಚಾನೆಲ್, ಉದ್ದ ಚಲನೆ 2ನೇ ಚಾನೆಲ್. ಸ್ಟೀರಿಂಗ್ ಸರ್ವೋವನ್ನು (ಮುಂಚಕ್ರ ತಿರುಗಿಸುವ ಪುಟ್ಟ ಮೋಟರು) 1ಕ್ಕೆ, ಇಎಸ್‌ಸಿಯನ್ನು (ಮೋಟರಿನ ವೇಗ ನಿಯಂತ್ರಕ) 2ಕ್ಕೆ ಚುಚ್ಚಿದರೆ ಮುಗಿಯಿತು. ಚಾನೆಲ್ ಬೆರೆಸುವ ಮಿಕ್ಸಿಂಗ್ ಬೇಡ, ಬೆಸುಗೆ ಬೇಡ. ಒಂದೇ ಸ್ಟಿಕ್ಕಿನಲ್ಲಿ ಮುಂದೆ, ಹಿಂದೆ, ಎಡ, ಬಲ. ಬೆರಳು ಬಿಟ್ಟರೆ ಗಾಡಿ ನಿಲ್ಲುತ್ತದೆ, ಚಕ್ರ ನೆಟ್ಟಗಾಗುತ್ತದೆ.

ಎಡಗೈ ಮಾತ್ರ ಬಳಸುವವರು ಇಲ್ಲಿ ಎಡವುತ್ತಾರೆ. ಮೋಡ್ 2ರ ಎಡ ಸ್ಟಿಕ್ಕಿನ ಉದ್ದ ಚಲನೆಗೆ ಸ್ಪ್ರಿಂಗ್ ಇಲ್ಲ, ಬಿಟ್ಟಲ್ಲೇ ನಿಲ್ಲುತ್ತದೆ. ಬೆರಳು ಜಾರಿದರೆ ಗಾಡಿ ಓಡುತ್ತಲೇ ಇರುತ್ತದೆ. ಮೆನುವಿನಲ್ಲಿ ಮೋಡ್ ಬದಲಾಯಿಸಿದರೆ ಚಾನೆಲ್ ಬದಲಾಗುತ್ತದೆಯೇ ಹೊರತು ಒಳಗಿನ ಸ್ಪ್ರಿಂಗ್ ತಾನಾಗಿ ಆ ಕಡೆಗೆ ಹೋಗುವುದಿಲ್ಲ. ಹಾಗಾಗಿ ಎಡಗೈಯವರು ಮೋಡ್ 1 ಅಂತಲೇ ಕೇಳಿ ಕೊಳ್ಳಬೇಕು. ಅದರಲ್ಲಿ ಎಡ ಸ್ಟಿಕ್ ಪೂರ್ತಿ ನಡುವಿಗೆ ಮರಳುತ್ತದೆ. ಉದ್ದ ಚಲನೆ 2ನೇ ಚಾನೆಲ್ಲೇ, ಅಡ್ಡ ಚಲನೆ ಮಾತ್ರ 4ನೇ ಚಾನೆಲ್. ಸರ್ವೋ ತಂತಿಯನ್ನು 1ರ ಬದಲು 4ಕ್ಕೆ ಹಾಕಿದರೆ ಸಾಕು.

ಹೊಂದಿಸುವಾಗ ಮೊದಲು ಬೈಂಡಿಂಗ್. ರಿಸೀವರಿನ ಬೈಂಡ್ ಪಿನ್ನಿಗೆ ಬೈಂಡ್ ತಂತಿ ಸಿಕ್ಕಿಸಿ, ಇಎಸ್‌ಸಿಯಿಂದ ಕರೆಂಟು ಕೊಡಿ, ರಿಮೋಟಿನ ಬೈಂಡ್ ಕೀ ಒತ್ತಿ ಹಿಡಿದುಕೊಂಡೇ ಅದನ್ನು ಆನ್ ಮಾಡಿ. ಇದಕ್ಕೆ ಎರಡು ಕೈ ಬೇಕೆನಿಸುತ್ತದೆ. ರಿಮೋಟನ್ನು ಮೇಜಿನ ಮೇಲೆ ಮಲಗಿಸಿದರೆ ಒಂದೇ ಕೈಯ ಎರಡು ಬೆರಳಲ್ಲಿ ಆಗುತ್ತದೆ. ಆಮೇಲೆ ತಂತಿ ಕಿತ್ತು, ರಿಸೀವರನ್ನು ಆರಿಸಿ ಮತ್ತೆ ಹಚ್ಚಿ. ರಿಮೋಟ್ ಆನ್ ಆದ ಕೂಡಲೇ ಕಿರುಚಿದರೆ ಹಾಳಾಗಿದೆ ಅಂದುಕೊಳ್ಳಬೇಡಿ. ವಿಮಾನದ ರಿಮೋಟ್ ಆದ್ದರಿಂದ ಥ್ರಾಟಲ್ ಸ್ಟಿಕ್ (ಸ್ಪ್ರಿಂಗ್ ಇಲ್ಲದ್ದು) ಕೆಳಗಿರಬೇಕು, ಮೇಲಿನ ನಾಲ್ಕೂ ಸ್ವಿಚ್ ಮೇಲ್ಮುಖವಾಗಿರಬೇಕು ಅನ್ನುವುದು ಅದರ ಹಟ. ನೀವು ಬಳಸದ ಆ ಸ್ಟಿಕ್ಕನ್ನು ಒಮ್ಮೆ ಕೆಳಗೆಳೆದು ಮರೆತುಬಿಡಿ.

ಮೆನುವಿನಲ್ಲಿ ಮಾದರಿಯ ಬಗೆ ವಿಮಾನ ಅಂತಿರಲಿ; ಹೆಲಿಕಾಪ್ಟರ್ ಆದರೆ ಚಾನೆಲ್‌ಗಳು ಒಂದರೊಳಗೊಂದು ಬೆರೆಯುತ್ತವೆ. ವಿಮಾನಕ್ಕೆಂದೇ ಇರುವ ಎಲೆವಾನ್, ವಿ-ಟೇಲ್ ಮಿಕ್ಸಿಂಗ್ ಎರಡೂ ಆಫ್. ಗಾಡಿಯ ಚಕ್ರಗಳು ನೆಲ ಮುಟ್ಟದ ಹಾಗೆ ಡಬ್ಬಿಯ ಮೇಲಿಟ್ಟು ಇಎಸ್‌ಸಿಗೆ ಮೂರು ಬಿಂದು ಕಲಿಸಿ: ನಡು, ಪೂರ್ತಿ ಮುಂದೆ, ಪೂರ್ತಿ ಹಿಂದೆ. ಮುಂದೆ ತಳ್ಳಿದರೆ ಹಿಂದೆ ಹೋಗುತ್ತಿದ್ದರೆ ರಿವರ್ಸ್ ಮೆನುವಿನಲ್ಲಿ 2ನೇ ಚಾನೆಲ್ ತಿರುಗಿಸಿ, ಕಲಿಸುವ ಕೆಲಸವನ್ನು ಮತ್ತೊಮ್ಮೆ ಮಾಡಿ. ಎಫ್‌ಎಸ್-ಐ6ರ ದೊಡ್ಡ ತಲೆನೋವು ಒಂದಿದೆ: ಬದಲಾಯಿಸಿದ್ದು ಉಳಿಯಬೇಕಾದರೆ ಓಕೆ ಒತ್ತಿದರೆ ಸಾಲದು, ಕ್ಯಾನ್ಸಲ್ ಕೀಯನ್ನು ಒತ್ತಿ ಹಿಡಿಯಬೇಕು. ‘ಸೆಟ್ಟಿಂಗ್ ನಿಲ್ಲುತ್ತಿಲ್ಲ’ ಅನ್ನುವ ದೂರಿನ ಮೂಲ ಹೆಚ್ಚಾಗಿ ಇದೇ.

ಒಂದೇ ಸ್ಟಿಕ್ಕಿನ ಸಹಜ ದೋಷ ಎಂದರೆ ಸೋರಿಕೆ. ಜೋರಾಗಿ ಮುಂದೆ ತಳ್ಳುವಾಗ ಹೆಬ್ಬೆರಳು ನೇರ ಗೆರೆಯಲ್ಲಿ ಹೋಗುವುದಿಲ್ಲ, ಕೈಯ ಕಡೆಗೆ ಸ್ವಲ್ಪ ವಾಲುತ್ತದೆ, ಗಾಡಿಯೂ ವಾಲುತ್ತದೆ. ಸ್ಟೀರಿಂಗಿಗೆ ಎಕ್ಸ್‌ಪೋ ಹಾಕಿ ನಡುವಿನ ಭಾಗವನ್ನು ಮಂದ ಮಾಡಿದರೆ ಇದು ಬಹುಪಾಲು ಅಡಗುತ್ತದೆ. 30ರಿಂದ ಶುರುಮಾಡಿ ನೋಡಿ. ಅದು ತಿರುವನ್ನು ಮಂದ ಮಾಡುವ ಬದಲು ಇನ್ನೂ ಚುರುಕಾಗಿಸಿದರೆ ಅಂಕಿಯ ಚಿಹ್ನೆ ಅದಲುಬದಲು ಮಾಡಿ. ಸ್ಟಿಕ್ಕಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತುವುದಕ್ಕಿಂತ ಹೆಬ್ಬೆರಳು ತೋರುಬೆರಳ ನಡುವೆ ಚಿವುಟಿ ಹಿಡಿಯುವುದು ಮೇಲು. ಆಗ ರಿಮೋಟಿನ ಭಾರ ಹೊರಲು ಬೆರಳೇ ಉಳಿಯುವುದಿಲ್ಲ, ಆದ್ದರಿಂದ ಕೊರಳಿಗೆ ಪಟ್ಟಿ ಬೇಕೇ ಬೇಕು. ಎದೆಯ ಮೇಲೆ ತೂಗಿಕೊಂಡು ಬಂಡೆ ಹತ್ತುವುದು ಅಷ್ಟು ಹಿತವಲ್ಲ. ಅಂಗಳದಲ್ಲಿ, ಟ್ರ್ಯಾಕಿನ ಪಕ್ಕದಲ್ಲಿ ನಿಂತು ಅಥವಾ ಕುರ್ಚಿಯಲ್ಲಿ ಕೂತು ಓಡಿಸುವವರಿಗೆ ಮಾತ್ರ ಈ ದುಡ್ಡಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಎರಡನೆಯ ದಾರಿ, ಪಿಸ್ತೂಲ್ ರಿಮೋಟಿಗೆ ಹೆಬ್ಬೆರಳಿನ ಸನ್ನೆ (ಲಿವರ್). ಸ್ಟೀರಿಂಗ್ ಚಕ್ರದ ಸ್ಪಂಜು ತೆಗೆದು ಅದರ ಮೇಲೆ 3ಡಿ ಪ್ರಿಂಟ್ ಮಾಡಿದ ಬಳೆ ಕೂರಿಸುತ್ತಾರೆ. ಬಳೆಯಿಂದ ಒಂದು ತೋಳು ಹಿಂದಕ್ಕೆ ಬಂದು ಹೆಬ್ಬೆರಳ ಕೆಳಗೆ ನಿಲ್ಲುತ್ತದೆ. ಹೆಚ್ಚು ಮಾರಾಟವಾಗುವ ಪಿಸ್ತೂಲುಗಳಿಗೆ ಇಂಥ ಫೈಲುಗಳು ಉಚಿತವಾಗಿಯೇ ಸಿಗುತ್ತವೆ. ಚಕ್ರ ರಿಮೋಟಿನ ಬಲಬದಿಗಿರುವುದರಿಂದ ಎಡಗೈಯ ಹೆಬ್ಬೆರಳಿಗೆ ಇದು ಸರಿಯಾಗಿ ಸಿಗುತ್ತದೆ. ಬಲಗೈ ಮಾತ್ರ ಇರುವವರಿಗೆ ಹೆಬ್ಬೆರಳು ಚಕ್ರದ ಎದುರುಬದಿಗೆ ಬೀಳುತ್ತದೆ. ಚಕ್ರವನ್ನು ಎಡಬದಿಗೆ ಕಳಚಿ ಜೋಡಿಸಬಹುದಾದ ಮಾದರಿ ಸಿಗದಿದ್ದರೆ ಅವರು ಮೇಲೆ ಹೇಳಿದ ಸ್ಟಿಕ್ ರಿಮೋಟಿಗೇ ಹೋಗುವುದು ಕ್ಷೇಮ.

ತೋಳು ಎಷ್ಟು ಉದ್ದ ಇರಬೇಕು? ಚಕ್ರ ಒಂದೊಂದು ಬದಿಗೆ 35 ಡಿಗ್ರಿ ತಿರುಗುತ್ತದೆ ಅಂತಿಟ್ಟುಕೊಳ್ಳಿ. ಹೆಬ್ಬೆರಳು ಒತ್ತುವ ಜಾಗ ಚಕ್ರದ ನಡುವಿನಿಂದ 30 ಮಿ.ಮೀ. ದೂರದಲ್ಲಿದ್ದರೆ ಬೆರಳು ಒಂದೊಂದು ಕಡೆಗೆ ಸುಮಾರು 18 ಮಿ.ಮೀ. ಸರಿಯಬೇಕು, 40 ಮಿ.ಮೀ. ಆದರೆ ಸುಮಾರು 24. ಉದ್ದ ಹೆಚ್ಚಿದಷ್ಟೂ ಸ್ಪ್ರಿಂಗ್ ಹಗುರ ಅನಿಸುತ್ತದೆ, ಆದರೆ ಬೆರಳು ಕೊನೆ ಮುಟ್ಟುವುದಿಲ್ಲ. ಹೆಬ್ಬೆರಳಿಗೆ ಹೊರಗೆ ತಳ್ಳುವುದಕ್ಕಿಂತ ಒಳಗೆ ಎಳೆಯುವುದು ಸುಲಭವಾದ್ದರಿಂದ ಎರಡು ಬದಿಯ ತಿರುವೂ ಒಂದೇ ಸಮ ಬರುವುದಿಲ್ಲ.

ರೇಡಿಯೊಮಾಸ್ಟರ್ ಎಂಟಿ12ನ್ನು ಒಂದು ಕೈಯವರಿಗೆ ಮೊದಲ ಆಯ್ಕೆ ಅನ್ನುವುದು ಇದೇ ಕಾರಣಕ್ಕೆ. ಅದೂ ಪಿಸ್ತೂಲ್ ರಿಮೋಟೇ, ಅದರಲ್ಲಿ ಓಡುವುದು ಎಡ್ಜ್‌ಟಿಎಕ್ಸ್ ಎಂಬ ಸಾಫ್ಟ್‌ವೇರ್. ಬೆರಳು ಶೇ. 70ರವರೆಗೆ ಮಾತ್ರ ಮುಟ್ಟಿದರೂ ಗಾಡಿಯ ಚಕ್ರ ಪೂರ್ತಿ ತಿರುಗುವಂತೆ ಎರಡು ಬಗೆಯಲ್ಲಿ ಮಾಡಬಹುದು. ಮೊದಲನೆಯದು: ಸನ್ನೆ ಜೋಡಿಸಿದ ಮೇಲೆ ಹಾರ್ಡ್‌ವೇರ್ ಪುಟಕ್ಕೆ ಹೋಗಿ ಕ್ಯಾಲಿಬ್ರೇಷನ್ ಹೊಸದಾಗಿ ಮಾಡುವುದು. ಬೆರಳು ಆರಾಮವಾಗಿ ಮುಟ್ಟುವ ತುದಿಯನ್ನೇ ರಿಮೋಟ್ ಶೇ. 100 ಅಂತ ತಿಳಿಯುತ್ತದೆ. ಎಡ ಬಲದ ಏರುಪೇರೂ ಅಲ್ಲೇ ಸರಿಹೋಗುತ್ತದೆ. ಇದು ಎಲ್ಲ ಗಾಡಿಗಳಿಗೂ ಅನ್ವಯ, ಸನ್ನೆ ಬಿಚ್ಚಿದ ದಿನ ಮತ್ತೆ ಮಾಡಬೇಕು. ಎರಡನೆಯದು ಒಂದು ಗಾಡಿಗೆ ಮಾತ್ರ: ಮಿಕ್ಸ್ ಪುಟದಲ್ಲಿ ಸ್ಟೀರಿಂಗ್ ಸಾಲಿನ ವೇಟ್ (ಚಲನೆಯನ್ನು ಹಿಗ್ಗಿಸುವ ಶೇಕಡಾ ಪ್ರಮಾಣ) 140 ಮಾಡಿ, ಔಟ್‌ಪುಟ್ ಮಿತಿಯನ್ನು 100ರಲ್ಲೇ ಬಿಡಿ. ರಿಮೋಟಿನ ಚಕ್ರ ಶೇ. 71ಕ್ಕೆ ಬಂದಾಗಲೇ ಸರ್ವೋ ಕೊನೆ ಮುಟ್ಟುತ್ತದೆ, ಅದರಾಚೆ ಹೋಗುವುದಿಲ್ಲ. ಮಿತಿಯನ್ನೂ ಏರಿಸಿದರೆ ಸರ್ವೋ ಕೊನೆಯಲ್ಲಿ ಗುಂಯ್‌ಗುಟ್ಟುತ್ತಾ ಬಿಸಿಯಾಗುತ್ತದೆ. ಚಕ್ರ ಬಿಟ್ಟು ರಿಮೋಟಿನ ಯಾವುದಾದರೂ ತಿರುಗುಗುಂಡಿಗೇ ಸ್ಟೀರಿಂಗ್ ಕೊಡಲೂ ಎಡ್ಜ್‌ಟಿಎಕ್ಸ್‌ನಲ್ಲಿ ಬರುತ್ತದೆ, ಆದರೆ ಬೇಡ. ಗುಂಡಿಗೆ ಸ್ಪ್ರಿಂಗ್ ಇಲ್ಲ, ಗಾಡಿ ತಿರುಗಿದ್ದು ತಿರುಗಿದ ಹಾಗೇ ಇರುತ್ತದೆ.

ಫ್ಲೈಸ್ಕೈ ಜಿಟಿ5 ಪಿಸ್ತೂಲಿನಲ್ಲಿ ಎಂಡ್ ಪಾಯಿಂಟ್ (ಸರ್ವೋ ಎಷ್ಟರವರೆಗೆ ತಿರುಗಬೇಕೆಂಬ ಮಿತಿ) 120ರವರೆಗೆ ಏರುತ್ತದೆ. ಬೆರಳ ಶೇ. 70ಕ್ಕೆ ಅದು ಕೊಡುವುದು 84. ಉಳಿದದ್ದಕ್ಕೆ ಸರ್ವೋದ ಮೇಲಿನ ತೋಳಾದ ಹಾರ್ನಿನಲ್ಲಿ ಒಂದು ತೂತು ಹೊರಗಿನದಕ್ಕೆ ಲಿಂಕ್ ಸರಿಸಬೇಕು. ಸರ್ವೋದ ಬಲ ಅಷ್ಟು ಕಡಿಮೆಯಾಗುತ್ತದೆ. ಡಂಬೊಆರ್‌ಸಿ ಎಕ್ಸ್6 ಇನ್ನೂ ಅಗ್ಗ, ತೆರೆಯೇ ಇಲ್ಲ, ಎಲ್ಲ ಗುಂಡಿಗಳಲ್ಲೇ. ಒಂದೇ ಗಾಡಿ ಇರುವವರಿಗೆ ಸಾಕು. ಎರಡನೇ ಗಾಡಿ ಬಂದ ದಿನದಿಂದ ಪ್ರತಿ ಸಲ ಟ್ರಿಮ್ (ನಡುವಿನ ಸ್ಥಾನದ ಹೊಂದಾಣಿಕೆ) ತಿರುವುತ್ತಾ ಕೂರಬೇಕು, ಏಕೆಂದರೆ ಗಾಡಿವಾರು ನೆನಪು ಅದಕ್ಕಿಲ್ಲ. ಜಿಟಿ5ರ ಬಿಎಸ್6 ಮತ್ತು ಎಕ್ಸ್6ರ ಎಕ್ಸ್6ಎಫ್‌ಜಿ ರಿಸೀವರ್‌ಗಳ ಒಳಗೇ ಜೈರೊ (ಗಾಡಿ ತಿರುಗುವುದನ್ನು ಗುರುತಿಸುವ ಸಾಧನ) ಇದೆ. ರಸ್ತೆ ಗಾಡಿಯ ಬಾಲ ಜಾರಿದಾಗ ಅದೇ ತಿದ್ದುತ್ತದೆ, ಒಂದೇ ಹೆಬ್ಬೆರಳಿಗೆ ಇದು ದೊಡ್ಡ ಉಪಕಾರ. ಕ್ರಾಲರ್‌ಗೆ ಜೈರೊ ಆಫ್ ಮಾಡಿಡಿ. ಗಾಡಿಯನ್ನು ಕೈಯಲ್ಲೆತ್ತಿ ಬಲಕ್ಕೆ ತಿರುಗಿಸಿದಾಗ ಮುಂಚಕ್ರ ಎಡಕ್ಕೆ ಹೊರಳಬೇಕು. ಬಲಕ್ಕೇ ಹೊರಳಿದರೆ ಜೈರೊ ತಿರುಗುಮುರುಗಾಗಿದೆ, ಓಡಿಸಿದರೆ ಗಿರಕಿ ಹೊಡೆಯುತ್ತದೆ.

ಟ್ರ್ಯಾಕ್ಸಾಸ್ ಟಿಆರ್‌ಎಕ್ಸ್-4ರಂಥ ಗಾಡಿಗೆ ತಿರುವು, ವೇಗದ ಜೊತೆ ಎರಡು ಗೇರು, ಮುಂದಿನ ಹಿಂದಿನ ಡಿಫ್ ಲಾಕ್ (ಎಡ ಬಲದ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಬೀಗ) ಅಂತ ಐದು ಚಾನೆಲ್ ಬೇಕು. ಅಷ್ಟೂ ಸ್ವಿಚ್ಚುಗಳು ಹಿಡಿದ ಕೈಯ ಬೆರಳಿಗೇ ಸಿಗುವುದಿಲ್ಲ. ಗೇರು ಮತ್ತು ಹಿಂದಿನ ಲಾಕನ್ನು ಹತ್ತಿರದಲ್ಲಿಟ್ಟು ಉಳಿದದ್ದನ್ನು ಗಾಡಿ ನಿಲ್ಲಿಸಿಕೊಂಡು ಬಳಸಿ. ಎಂಟಿ12ರ ಇಎಲ್‌ಆರ್‌ಎಸ್ (ಒಂದು ರೇಡಿಯೊ ಪದ್ಧತಿ) ಮಾದರಿ ಕೊಂಡವರಿಗೆ ಒಂದು ಕಿವಿಮಾತು: ಸಾಮಾನ್ಯ ಸ್ವಿಚ್ ಮೋಡುಗಳಲ್ಲಿ 5ನೇ ಚಾನೆಲ್ ಆನ್ ಮತ್ತು ಆಫ್ ಮಾತ್ರ ಕಳಿಸುತ್ತದೆ. ಒಳಗೆ, ನಿಲ್ಲು, ಹೊರಗೆ ಅಂತ ಮೂರು ಸ್ಥಾನ ಬೇಕಾದ ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಅನ್ನು ಅಲ್ಲಿ ಹಾಕಿದರೆ ನಿಲ್ಲುವುದೇ ಇಲ್ಲ. ಅದನ್ನು 6ಕ್ಕೆ ಹಾಕಿ. ಹಳೆಯ ರಿಸೀವರ್‌ಗಳು ಮನೆಯಲ್ಲಿದ್ದರೆ ಎಂಟಿ12ರದೇ 4-ಇನ್-1 ಮಾದರಿ ಮೇಲು. ಫ್ಲೈಸ್ಕೈ ಎಎಫ್‌ಎಚ್‌ಡಿಎಸ್ 2ಎ, ಸ್ಪೆಕ್ಟ್ರಮ್ ಎರಡೂ ಪದ್ಧತಿಯ ರಿಸೀವರ್‌ಗಳಿಗೆ ಮಾತಾಡುತ್ತದೆ.

ಫೇಲ್‌ಸೇಫ್ (ಸಂಕೇತ ಕಡಿದಾಗ ಗಾಡಿ ಏನು ಮಾಡಬೇಕೆಂಬ ಸೆಟ್ಟಿಂಗ್) ಎಲ್ಲರಿಗೂ ಮುಖ್ಯ, ರಿಮೋಟನ್ನು ಒಂದೇ ಕೈಯಲ್ಲಿ ಹಿಡಿದವರಿಗೆ ಇನ್ನೂ ಹೆಚ್ಚು, ಬಿದ್ದು ಬ್ಯಾಟರಿ ಕಳಚುವುದು ಅವರದೇ ಮೊದಲು. ವೇಗದ ಚಾನೆಲ್ ನಡುವಿಗೆ ಬರಬೇಕು: ಎಫ್‌ಎಸ್-ಐ6ರಲ್ಲಿ 0, ಇಎಲ್‌ಆರ್‌ಎಸ್ ರಿಸೀವರಿನ ವೆಬ್ ಪುಟದಲ್ಲಿ 1500. ಅಲ್ಲಿ 988 ಅಂತಿದ್ದರೆ ವಿಮಾನಕ್ಕೆ ಅದು ಇಂಜಿನ್ ಬಂದ್, ಕಾರಿಗೆ ಪೂರ್ತಿ ರಿವರ್ಸ್. ಗಾಡಿಯನ್ನು ಡಬ್ಬಿಯ ಮೇಲಿಟ್ಟು, ಅರ್ಧ ವೇಗದಲ್ಲಿರುವಾಗ ರಿಮೋಟ್ ಆರಿಸಿ. ಚಕ್ರ ನಿಂತರೆ ಸರಿ. ಕ್ರಾಲರ್‌ಗೆ ಹಾಬಿವಿಂಗ್ ಕ್ವಿಕ್‌ರನ್ 1080ರ ಹಾಗೆ ಡ್ರ್ಯಾಗ್ ಬ್ರೇಕ್ (ಬೆರಳು ಬಿಟ್ಟರೆ ತಾನೇ ಹಿಡಿಯುವ ಬ್ರೇಕ್) ಹೊಂದಿಸಬಹುದಾದ ಇಎಸ್‌ಸಿ ಇದ್ದರೆ ಇಳಿಜಾರಿನಲ್ಲಿ ಬೆರಳಿಗೆ ಪೂರ್ತಿ ಬಿಡುವು ಸಿಗುತ್ತದೆ.

ಭಾರದ ವಿಚಾರದಲ್ಲಿ ಬ್ಯಾಟರಿಯನ್ನು ಮರೆಯಬೇಡಿ. ರೀಚಾರ್ಜ್ ಆಗುವ ಎಎ ಸೆಲ್ ನಾಲ್ಕಕ್ಕೆ 110ರಿಂದ 120 ಗ್ರಾಂ, ಎರಡು 18650 ಲಿಥಿಯಂ ಸೆಲ್ಲಿಗೆ ಸುಮಾರು 95. ಅರ್ಧ ಗಂಟೆ ಹಿಡಿದ ಮೇಲೆ ಮಣಿಕಟ್ಟಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಚಾರ್ಜಿಂಗಿನದು: ಎಂಟಿ12ಗೆ ಯುಎಸ್‌ಬಿ-ಸಿ ಚುಚ್ಚಿದರೆ ಆಯಿತು, ಎಎ ಸೆಲ್ಲುಗಳನ್ನು ಒಂದೇ ಕೈಯಲ್ಲಿ ಸ್ಪ್ರಿಂಗಿನಿಂದ ಬಿಡಿಸುವುದು ಸಾಹಸ.

ಸನ್ನೆಯನ್ನು ಪ್ರಿಂಟ್ ಮಾಡಿಸುವಾಗ ಪಿಎಲ್‌ಎ ಪ್ಲಾಸ್ಟಿಕ್ ಬೇಡ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮೆತ್ತಗಾಗಿ ಬಾಗುತ್ತದೆ. ಪಿಇಟಿಜಿ ಪ್ಲಾಸ್ಟಿಕ್ ಕೇಳಿ, ತೋಳನ್ನು ಮಲಗಿಸಿಯೇ ಪ್ರಿಂಟ್ ಮಾಡಲು ಹೇಳಿ. ನಿಲ್ಲಿಸಿ ಮಾಡಿದ್ದು ಪದರದಿಂದ ಪದರಕ್ಕೆ ಚಟ್ಟನೆ ಮುರಿಯುತ್ತದೆ. ವಿದೇಶದಿಂದ ರಿಮೋಟ್ ತರಿಸುವವರಿಗೆ ಕಸ್ಟಮ್ಸ್‌ನಲ್ಲಿ ಇಟಿಎ (ರೇಡಿಯೊ ಉಪಕರಣಕ್ಕೆ ಬೇಕಾದ ಸರ್ಕಾರಿ) ಒಪ್ಪಿಗೆಯ ಪ್ರಶ್ನೆ ಬರಬಹುದು, ಇಲ್ಲಿನ ಮಾರಾಟಗಾರರಲ್ಲಿ ಸ್ವಲ್ಪ ಹೆಚ್ಚು ಕೊಟ್ಟರೂ ನೆಮ್ಮದಿ. 18650 ಸೆಲ್ ರಿಮೋಟಿನ ಜೊತೆ ಬರುವುದಿಲ್ಲ. ಬೆಂಗಳೂರಿನವರು ಸೆಲ್ ಕೊಳ್ಳಲು ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿಗೆ ಹೋಗುವುದಾದರೆ ರಿಮೋಟನ್ನೂ ಒಯ್ಯಿರಿ. ಒಳಗೆ ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ 65ರ ಬದಲು 69-70 ಮಿ.ಮೀ. ಉದ್ದ ಇರುತ್ತದೆ, ಮುಚ್ಚಳ ಹಾಕಲು ಹೋದಾಗಲೇ ಅದು ಗೊತ್ತಾಗುವುದು.